ಕೋರ್ಟು ಏಳುವವರೆಗೆ

ಆ ಕೋರ್ಟಿನ ವಕೀಲರು ನ್ಯಾಯಾಧೀಶೆಗೆ ಬೆನ್ನ ಹಿಂದೆ ಇಟ್ಟಿದ್ದ ಹೆಸರು ಅಂಟಮ್ಮ. ಒಮ್ಮೆ ಪೀಠದ ಮೇಲೆ ಕೂತರೆ ಗೋಡೆಯ ಗಡಿಯಾರ ಸಂಜೆಯ ಗಂಟೆ ಹೊಡೆಯುವವರೆಗೆ ಅವರು ಏಳುವ ಪೈಕಿ ಅಲ್ಲ. ತಲೆನೋವು ಎಂದು ವಾಯಿದೆ ಕೇಳಿದ ವಕೀಲರಿಗೆ ಮಾತ್ರೆ ತರಿಸಿಕೊಟ್ಟು ವಾದ ಮುಂದುವರಿಸಿ ಎಂದಿದ್ದರು. ಕರೆಂಟು ಹೋದಾಗ ಕಿಟಕಿ ತೆರೆಸಿ ಸಾಕ್ಷಿ ಕೇಳಿದ್ದರು. ಕುರ್ಚಿಗೆ ಅಂಟು ಬಳಿದುಕೊಂಡೇ ಕೂರುತ್ತಾರೆ ಎಂದು ಕ್ಯಾಂಟೀನಿನಲ್ಲಿ ನಗೆಯೋ ನಗೆ. ಆ ಹೆಸರು ಅವರ ಕಿವಿಗೂ ಬಿದ್ದಿತ್ತು. ಬೇಸರವೇನೂ ಆಗಿರಲಿಲ್ಲ, ಒಳಗೊಳಗೇ ಸ್ವಲ್ಪ ಹೆಮ್ಮೆಯೇ ಆಗಿತ್ತು.

ಅಂಥವರಿಗೇ ಆ ವಾರ ಕುರ್ಚಿ ಚುಚ್ಚತೊಡಗಿತು. ಕಾರಣ, ಕಟಕಟೆಯಲ್ಲಿ ಕೈಕಟ್ಟಿ ನಿಂತಿದ್ದ ಒಬ್ಬ ಮುದಿ ಕ್ಷೌರಿಕ.

ನಡೆದದ್ದನ್ನು ಆತ ಅಲ್ಲಗಳೆದಿರಲೇ ಇಲ್ಲ. ಬಸ್ಸಿನ ಕಂಡಕ್ಟರ್ ಆಗಿದ್ದವನೊಬ್ಬ ಆತನ ಹಳೆಯ ಗೆಳೆಯ. ಅಂಗಡಿ ತೆರೆದ ಕಾಲದಿಂದಲೂ ವಾರಕ್ಕೊಮ್ಮೆ ಬಂದು, ಅದೇ ಕುರ್ಚಿಯಲ್ಲಿ ಕೂತು, ಊರಿನ ಸುದ್ದಿಯೆಲ್ಲ ಒದರಿ ಗಡ್ಡ ತೆಗೆಸಿಕೊಂಡು ಹೋಗುತ್ತಿದ್ದವನು. ಜೀವಮಾನವೆಲ್ಲ ಸ್ಟಾಪುಗಳ ಹೆಸರು ಕೂಗಿ ಬದುಕಿದ ಆ ಮನುಷ್ಯನಿಗೆ ಲಕ್ವ ಹೊಡೆದು ಮಾತೇ ನಿಂತುಹೋಯಿತು, ಹಾಸಿಗೆ ಹಿಡಿದ. ಕ್ಷೌರಿಕ ಮನೆಗೇ ಹೋಗಿ ಗಡ್ಡ ತೆಗೆಯತೊಡಗಿದ. ಕಂಡಕ್ಟರನ ಮಗನಿಗೆ ಅದು ಸರಿಬರಲಿಲ್ಲ. ಕುತ್ತಿಗೆ ನಡುಗುವ ರೋಗಿಯ ಮೇಲೆ ಬರಿಗತ್ತಿ ಆಡಿಸುವುದು ಬೇಡ, ಟ್ರಿಮ್ಮರ್ ತಂದಿದ್ದೇನೆ, ಇನ್ನು ನೀವು ಬರಬೇಡಿ ಎಂದು ಬಾಗಿಲಲ್ಲೇ ಹೇಳಿ ಕಳಿಸಿದ. ಕ್ಷೌರಿಕ ಕೆಲವು ವಾರ ತಡೆದುಕೊಂಡ. ಆಮೇಲೊಂದು ಮಧ್ಯಾಹ್ನ, ಮಗ ಕೆಲಸಕ್ಕೆ ಹೋಗಿದ್ದಾಗ, ಮನೆಯಲ್ಲಿದ್ದ ನರ್ಸು ಔಷಧಿ ತರಲು ಹೊರಟದ್ದನ್ನು ನೋಡಿಕೊಂಡು, ಹಿತ್ತಲ ಬಾಗಿಲ ಚಿಲಕ ಸರಿಸಿ ಒಳಗೆ ಹೋದ. ಮರೆತ ಫೋನಿಗಾಗಿ ಮಗ ಹಿಂದಿರುಗಿದಾಗ ಕಂಡದ್ದು ಅಪ್ಪನ ಕುತ್ತಿಗೆಯ ಮೇಲೆ ಹೊಳೆಯುವ ಕತ್ತಿ.

ಮಗ ಕಿರುಚಿದ. ಬೇರೆ ಯಾರಾದರೂ ಆಗಿದ್ದರೆ ಕತ್ತಿ ಕೆಳಗೆ ಹಾಕಿ ಕೈ ಮುಗಿಯುತ್ತಿದ್ದರು. ಈ ಪುಣ್ಯಾತ್ಮ ತಿರುಗಿಯೂ ನೋಡದೆ, ಖಾಲಿ ಕೈ ಎತ್ತಿ ಸ್ವಲ್ಪ ತಾಳು ಎಂಬಂತೆ ಸನ್ನೆ ಮಾಡಿ, ಉಳಿದ ಕೆನ್ನೆಯನ್ನೂ ಮುಗಿಸಿದ. ಸೋಪು ಹಚ್ಚಿದ ಮುಖವನ್ನು ಅರ್ಧಕ್ಕೆ ಬಿಟ್ಟು ಅಭ್ಯಾಸವಿಲ್ಲ ಎಂಬುದು ಆಮೇಲೆ ಆತ ಪೊಲೀಸರಿಗೆ ಕೊಟ್ಟ ವಿವರಣೆ. ಅವರು ಮನೆಯೊಳಗೆ ಬಂದಾಗ ಗೆಳೆಯನ ಕೆನ್ನೆಗೆ ಪಟಿಕ ಉಜ್ಜುತ್ತಿದ್ದ.

ಇಷ್ಟೇ ಆಗಿದ್ದರೆ ನಾಲ್ಕು ಮಾತು ಬೈದು ಕಳಿಸುವ ಕೇಸು. ಆದರೆ ಹೊಸ ಕಾನೂನೊಂದು ಬಂದಿತ್ತು. ಎಲ್ಲೋ ಯಾರದೋ ಮನೆಗೆ ಯಾರೋ ಚಾಕು ಹಿಡಿದು ನುಗ್ಗಿದ್ದರು, ಪೇಪರಿನವರು ಬೊಬ್ಬೆ ಹೊಡೆದರು, ಶಾಸನಸಭೆಯವರು ಮೇಜು ಕುಟ್ಟಿ ಒಂದೇ ಮಧ್ಯಾಹ್ನದಲ್ಲಿ ಪಾಸು ಮಾಡಿದರು: ಮನೆ ಹೊಕ್ಕು ಆಯುಧ ತೋರಿಸಿ ಬೆದರಿಸಿದರೆ ಹತ್ತು ವರ್ಷಕ್ಕೆ ಕಡಿಮೆ ಇಲ್ಲ. ಅಲಗು ಮೈಗೆ ತಾಗಿದ್ದರೆ ಅದನ್ನು ಬೆದರಿಕೆ ಎಂದೇ ಹಿಡಿಯಬೇಕು. ಅಲ್ಲವೆಂದು ತೋರಿಸುವುದು ಆರೋಪಿಯ ತಲೆನೋವು. ಅಪರಾಧ ಸಾಬೀತಾದ ಮೇಲೆ ಯಾರು, ಏಕೆ, ಎಷ್ಟು ವಯಸ್ಸು ಎಂದು ನ್ಯಾಯಾಧೀಶರು ಕೇಳುವ ಹಾಗೇ ಇಲ್ಲ. ಮೇಜು ಕುಟ್ಟಿದವರು ಮನೆಗೆ ಹೋಗಿ ಉಂಡು ಮಲಗಿದರು. ಕಟಕಟೆಯಲ್ಲಿ ನಿಂತವರ ಮುಖ ನೋಡುವ ಕೆಲಸ ಮಾತ್ರ ನ್ಯಾಯಾಧೀಶೆಯ ಪಾಲಿಗೆ ಬಂತು.

ಹಿಂದಿನ ವರ್ಷ ಅದೇ ಕಾನೂನಿನಡಿ ಒಬ್ಬ ತಮ್ಮನಿಗೆ ಹತ್ತು ವರ್ಷ ಓದಿ ಹೇಳಿದ್ದರು. ಅಣ್ಣನ ಮನೆಗೆ ಜಗಳಕ್ಕೆ ಹೋಗಿ ಮೂಲೆಯಲ್ಲಿದ್ದ ಹಾರೆ ಎತ್ತಿದ್ದ, ಎತ್ತಿದ ಮರುಕ್ಷಣ ಅತ್ತುಕೊಂಡು ಕೆಳಗಿಟ್ಟಿದ್ದ. ಬೇಡಮ್ಮಾ, ಅವನನ್ನ ಬಿಟ್ಟುಬಿಡಿ ಎಂದು ಅಂಗಲಾಚಿದವನು ಅಣ್ಣನೇ. ಕಾನೂನು ಅಣ್ಣನನ್ನೂ ಕೇಳಲಿಲ್ಲ, ಇವರನ್ನೂ ಕೇಳಲಿಲ್ಲ. ಆ ದಿನ ತಾನು ನ್ಯಾಯಾಧೀಶೆಯಲ್ಲ, ಬರೀ ರಬ್ಬರ್ ಸ್ಟಾಂಪು ಎಂದು ಅವರಿಗೆ ಅನ್ನಿಸಿತ್ತು. ಆ ನೋವು ಇನ್ನೂ ಆರಿರಲಿಲ್ಲ.

ಸರ್ಕಾರಿ ವಕೀಲರು ಕಟುಕರೇನಲ್ಲ. ಮುದುಕ ಜೈಲಿನಲ್ಲೇ ಸಾಯುತ್ತಾನೆಂದು ಅವರಿಗೂ ಗೊತ್ತಿತ್ತು. ಬೆದರಿಸಿದ್ದು ನಿಜವೆಂದು ತಪ್ಪೊಪ್ಪಿಕೊಂಡರೆ ಸಣ್ಣ ಕಲಮಿನಡಿ ಎರಡು ವರ್ಷಕ್ಕೆ ಮುಗಿಸೋಣ ಎಂದು ದಾರಿ ತೋರಿಸಿದ್ದರು. ಆತನ ಪರ ನಿಂತಿದ್ದ ವಕೀಲೆ, ಒಪ್ಪಿಕೊಳ್ಳಿ ತಾತ, ಹತ್ತರ ಬದಲು ಎರಡು ಎಂದು ಕಾಲಿಗೆ ಬೀಳುವುದೊಂದು ಬಾಕಿ. ಆತ ಜಪ್ಪಯ್ಯ ಅನ್ನಲಿಲ್ಲ. ಯಾಕೆಂದು ನ್ಯಾಯಾಧೀಶೆಯೇ ಕೇಳಿದರು.

"ಒಪ್ಕೊಂಡ್ರೆ ಅವನ ಕುತ್ತಿಗೆಗೆ ಕತ್ತಿ ಹಿಡಿದು ಹೆದರಿಸಿದೆ ಅಂತ ನನ್ನ ಬಾಯಲ್ಲೇ ಹೇಳ್ಬೇಕಲ್ಲ ತಾಯಿ," ಎಂದ. "ಜೈಲಿಗೆ ಹೋಗ್ತೀನಿ. ಆ ಮಾತು ಮಾತ್ರ ಹೇಳಲ್ಲ."

ಅಂದು ರಾತ್ರಿ ಮನೆಯಲ್ಲಿ ನ್ಯಾಯಾಧೀಶೆ ಊಟದ ತಟ್ಟೆಯನ್ನು ಹಾಗೇ ಪಕ್ಕಕ್ಕೆ ಸರಿಸಿದರು. ಗಂಡ ಶಾಲಾ ಮೇಷ್ಟ್ರಾಗಿ ನಿವೃತ್ತರಾದವರು, ಹೆಂಡತಿಯನ್ನು ರೇಗಿಸುವುದೇ ಈಗ ಅವರ ಪೂರ್ಣಾವಧಿ ಕೆಲಸ. ತೂಕದ ಕಲ್ಲನ್ನು ಸರ್ಕಾರವೇ ಕೊಟ್ಟಿದೆ, ತಕ್ಕಡಿ ಹಿಡಿದುಕೊಂಡು ನಿಂತರಾಯಿತು, ನಿನಗ್ಯಾಕೆ ಚಿಂತೆ ಎಂದು ಚುಚ್ಚಿದರು. ಹೆಂಡತಿ ತಿರುಗಿ ಬೀಳದೇ ಇದ್ದಾಗ ಏನೋ ಗಟ್ಟಿ ಸಂಗತಿಯೇ ಇರಬೇಕೆಂದು ತಟ್ಟೆ ಎತ್ತಿಕೊಂಡು ಒಳಗೆ ಹೋದರು.

ಬೆಳಗ್ಗೆ ಬಚ್ಚಲಮನೆಯ ಕನ್ನಡಿಯ ಮುಂದೆ ಗಂಡ ಮುಖಕ್ಕೆಲ್ಲ ನೊರೆ ಮೆತ್ತಿಕೊಂಡು ನಿಂತಿದ್ದರು. ನ್ಯಾಯಾಧೀಶೆ ಬಾಗಿಲಿಗೊರಗಿ ನೋಡುತ್ತಿದ್ದರು. ಬ್ಲೇಡು ಕುತ್ತಿಗೆಯ ಹತ್ತಿರ ಬರುತ್ತಲೇ ಗಂಡನ ಗದ್ದ ತಾನಾಗಿಯೇ ಮೇಲಕ್ಕೆ ಹೋಯಿತು.

"ಬೇರೆಯವರ ಕೈಲಿ ಮಾಡಿಸ್ಕೊಳ್ಳೋವಾಗ ಭಯ ಆಗಲ್ವಾ?" ಎಂದು ಕೇಳಿದರು.

"ಭಯ ಇದ್ರೆ ಗದ್ದ ಎತ್ತೋಕೇ ಆಗಲ್ಲ ಕಣೇ," ಎಂದರು ಗಂಡ. "ಒಳಕ್ಕೆ ಎಳ್ಕೋತೀವಿ. ಗೊತ್ತಿರೋ ಕೈ ಆದ್ರೆ ನಾವು ಎತ್ತಬೇಕಾಗೂ ಇಲ್ಲ, ಅದೇ ಏಳುತ್ತೆ."

ಕಾಫಿಯನ್ನು ಅರ್ಧಕ್ಕೇ ಬಿಟ್ಟು ನ್ಯಾಯಾಧೀಶೆ ಕೋರ್ಟಿಗೆ ಹೊರಟರು.

ಪೀಠ ಏರಿದ ಕೂಡಲೇ ಅವರು ಹೇಳಿದ್ದು, ಬೆದರಿಕೆಗೆ ಒಳಗಾದನೆನ್ನುವ ಮನುಷ್ಯನನ್ನು ಈ ಕೇಸಿನಲ್ಲಿ ಯಾರೂ ಕೇಳಿಯೇ ಇಲ್ಲ, ಮಧ್ಯಾಹ್ನ ಸ್ಥಳ ಪರಿಶೀಲನೆಗೆ ಹೋಗೋಣ ಎಂದು. ಸರ್ಕಾರಿ ವಕೀಲರು ಎದ್ದು ನಿಂತರು. ಮಾತು ಬಾರದವನ ಸಾಕ್ಷಿ ಹೇಗೆ, ಪ್ರಮಾಣ ಹೇಗೆ ಎಂದೆಲ್ಲ ಆಕ್ಷೇಪಿಸಿದರು. ನಾನು ಸಾಕ್ಷಿ ಕೇಳಲು ಹೋಗುತ್ತಿಲ್ಲ, ನೋಡಲು ಹೋಗುತ್ತಿದ್ದೇನೆ, ನೋಡಬಾರದೆಂದು ಯಾವ ಕಾನೂನೂ ಹೇಳಿಲ್ಲ ಎಂದು ಇವರು ಬಾಯಿ ಮುಚ್ಚಿಸಿದರು. ಅಂಟಮ್ಮ ಕುರ್ಚಿ ಬಿಟ್ಟು ಹೊರಗೆ ಹೊರಟರೆಂದು ಕ್ಯಾಂಟೀನಿನಲ್ಲಿ ಒಂದು ಗಳಿಗೆ ಯಾರೂ ಟೀ ಕುಡಿಯಲಿಲ್ಲ.

ಕಂಡಕ್ಟರನ ಕೋಣೆ ಸಣ್ಣದು, ಚೊಕ್ಕಟವಾಗಿತ್ತು. ಕಿಟಕಿಯ ಪಕ್ಕ ಮಂಚ, ಸ್ಟೂಲಿನ ಮೇಲೆ ಔಷಧಿ, ಚಾರ್ಜಿಗೆ ಹಾಕಿದ ಟ್ರಿಮ್ಮರ್. ದಿಂಬುಗಳಿಗೆ ಒರಗಿ ಮುದುಕ ಅರೆನಿದ್ದೆಯಲ್ಲಿದ್ದ. ಟ್ರಿಮ್ಮರ್ ಅಲ್ಲಲ್ಲಿ ಮೇಯ್ದು ಬಿಟ್ಟ ಗಡ್ಡ ಮುಖದ ತುಂಬ ತೇಪೆ ತೇಪೆಯಾಗಿ ನಿಂತಿತ್ತು. ಮಗ ಹಾಸಿಗೆಯ ಪಕ್ಕ ಕಾವಲುಗಾರನಂತೆ ನಿಂತಿದ್ದ. ಅಪ್ಪನನ್ನು ಅವನು ಚೆನ್ನಾಗಿ ನೋಡಿಕೊಳ್ಳುತ್ತಿದ್ದ, ಅದು ಆ ಕೋಣೆಯಲ್ಲೇ ಕಾಣುತ್ತಿತ್ತು. ಆ ದಿನದ ಹೆದರಿಕೆ ಇನ್ನೂ ಅವನ ಮುಖ ಬಿಟ್ಟು ಹೋಗಿರಲಿಲ್ಲ.

ಕ್ಷೌರಿಕನನ್ನು ಪೇದೆಯೊಬ್ಬ ಕರೆತಂದು ಬಾಗಿಲ ಬಳಿ ನಿಲ್ಲಿಸಿದ. ಪೊಲೀಸರು ಜಪ್ತಿ ಮಾಡಿ ಮುದ್ದೆಮಾಲೆಂದು ಸೀಲು ಮಾಡಿಟ್ಟಿದ್ದ ಲಕೋಟೆ ಒಡೆಸಿ, ಕತ್ತಿಯನ್ನು ಆರೋಪಿಯ ಕೈಗೇ ಕೊಡಿ ಎಂದರು ನ್ಯಾಯಾಧೀಶೆ. ಪೇದೆ ಹಿಂದೆ ಮುಂದೆ ನೋಡಿದ. ಹೆಚ್ಚುಕಮ್ಮಿಯಾದರೆ ಯಾರು ಹೊಣೆ ಎಂದು ಸರ್ಕಾರಿ ವಕೀಲರು ಕೇಳಿದರು.

"ನಾನು," ಎಂದರು ನ್ಯಾಯಾಧೀಶೆ. "ಬರ್ಕೊಳ್ಳಿ."

ಆದರೂ ಅವರಿಗೆ ಗೊತ್ತಿತ್ತು: ಕಂಡಕ್ಟರ್ ಬೆಚ್ಚಿಬಿದ್ದರೆ, ಮುಖ ತಿರುಗಿಸಿದರೆ, ಹತ್ತು ವರ್ಷವನ್ನು ತಾನೇ ಕೈಯಾರೆ ಕ್ಷೌರಿಕನ ತಲೆಯ ಮೇಲೆ ಹೇರಿದಂತೆ.

ಕ್ಷೌರಿಕ ಯಾರ ಕಡೆಗೂ ನೋಡಲಿಲ್ಲ. ನಿಂತಲ್ಲೇ ಕತ್ತಿಯನ್ನು ಬಿಡಿಸಿದ. ಎಷ್ಟೋ ತಿಂಗಳು ಸರ್ಕಾರದ ಕಪಾಟಿನಲ್ಲಿ ಬಿದ್ದಿದ್ದ ಅಲಗನ್ನು ನೋಡಿ ಮುಖ ಸಿಂಡರಿಸಿ, ಅಭ್ಯಾಸಬಲದಿಂದ ಅಂಗೈಯ ಮೇಲೆ ಆ ಕಡೆಗೊಮ್ಮೆ ಈ ಕಡೆಗೊಮ್ಮೆ ಸವರಿದ. ಸರ್ ಸರ್ ಎಂದು ಸಣ್ಣ ಸದ್ದಾಯಿತು.

ಮಂಚದ ಮೇಲಿದ್ದವನು ಕಣ್ಣು ಬಿಟ್ಟ. ಕಣ್ಣು ಕೋಣೆಯನ್ನೆಲ್ಲ ಒಂದು ಸುತ್ತು ಹಾಕಿ, ಕರಿಕೋಟುಗಳನ್ನು ದಾಟಿ, ಬಾಗಿಲ ಬಳಿ ಬಂದು ನಿಂತಿತು. ಆಮೇಲೆ ಆ ನಡುಗುವ ಕುತ್ತಿಗೆ ದಿಂಬಿನ ಮೇಲೆ ಮೆಲ್ಲಗೆ ಹಿಂದಕ್ಕೆ ಬಾಗಿತು. ಗದ್ದ ಮೇಲೆದ್ದಿತು. ಬಲಗೆನ್ನೆ ಬೆಳಕಿಗೆ ತಿರುಗಿತು. ಕಂಡಕ್ಟರ್ ಮತ್ತೆ ಕಣ್ಣು ಮುಚ್ಚಿ, ಇಡೀ ಕುತ್ತಿಗೆ ಒಪ್ಪಿಸಿ ಕಾಯತೊಡಗಿದ.

ಸರ್ಕಾರಿ ವಕೀಲರು ಕೈಯಲ್ಲಿದ್ದ ಫೈಲು ಮುಚ್ಚಿದರು. ಮಗ ಅಪ್ಪನ ಮುಖವನ್ನೇ ನೋಡುತ್ತಿದ್ದ.

"ನಾನು ಟ್ರಿಮ್ಮರ್ ತಂದ್ರೆ ಮುಖ ಆ ಕಡೆ ತಿರುಗಿಸ್ತಾರೆ," ಎಂದ ಮಗ. "ನೋವಾಗುತ್ತೇನೋ ಅಂದ್ಕೊಂಡಿದ್ದೆ."

ಕ್ಷೌರಿಕ ಕತ್ತಿ ಮಡಚಿ ಪೇದೆಗೆ ಕೊಟ್ಟ. ಸೋಪಿಲ್ಲ, ನೀರಿಲ್ಲ, ಈಗ ಆಗಲ್ಲ ಕಂಡಕ್ಟ್ರೇ ಎಂದು ಗೆಳೆಯನಿಗೆ ಹೇಳಿದ. ಹೊರಡುವಾಗ ನ್ಯಾಯಾಧೀಶೆ ಬಾಗಿಲಿಂದ ತಿರುಗಿ ನೋಡಿದರು. ಆ ಗದ್ದ ಇನ್ನೂ ಇಳಿದಿರಲಿಲ್ಲ.

ಮರುದಿನ ಬೆಳಗಿನ ಮೊದಲ ಕೇಸು ಅದೇ. ಕೋರ್ಟು ಕಿಕ್ಕಿರಿದಿತ್ತು. ನ್ಯಾಯಾಧೀಶೆ ತೀರ್ಪನ್ನು ಅವಸರವಿಲ್ಲದೆ ಓದಿದರು. ಬೆದರಿದ ಮನುಷ್ಯ ಕುತ್ತಿಗೆಯನ್ನು ಒಳಕ್ಕೆಳೆದುಕೊಳ್ಳುತ್ತಾನೆ, ಈತ ಎತ್ತಿ ಕೊಟ್ಟ, ಕೊಟ್ಟದ್ದನ್ನು ಎರಡೂ ಕಡೆಯ ವಕೀಲರು ಕಂಡಿದ್ದಾರೆ, ಆದ್ದರಿಂದ ಬೆದರಿಕೆ ನಡೆದೇ ಇಲ್ಲ, ಹತ್ತು ವರ್ಷದ ಕಲಮು ನಿಲ್ಲುವುದಿಲ್ಲ ಎಂದರು. ಆಮೇಲೆ ಹಾಳೆಯಿಂದ ತಲೆಯೆತ್ತಿದರು.

"ಶಿಕ್ಷೆ ತೂಗೋ ಅಧಿಕಾರವನ್ನ ಈ ಕಾನೂನು ನನ್ನ ಕೈಯಿಂದ ಕಿತ್ತುಕೊಂಡಿದೆ. ಕಣ್ಣು ಕಿತ್ತುಕೊಂಡಿಲ್ಲ. ಕಣ್ಣಿರೋವರೆಗೆ ನಾನು ಮನುಷ್ಯರನ್ನ ನೋಡೇ ತೀರ್ಪು ಕೊಡ್ತೀನಿ."

ಈ ಮಾತನ್ನು ಅವರು ಒಂದು ವರ್ಷದಿಂದ ಹೊಟ್ಟೆಯಲ್ಲಿಟ್ಟುಕೊಂಡಿದ್ದರು. ಹೇಳಿದ ಮೇಲೆ ಮೈ ಹಗುರಾಯಿತು. ತೀರ್ಪಿನ ಕೊನೆಗೆ ಈ ಕಾನೂನನ್ನು ಮತ್ತೆ ಪರಿಶೀಲಿಸಬೇಕೆಂದು ಮೇಲಿನ ಕೋರ್ಟಿಗೂ ಬರೆದಿದ್ದರು. ಹಾರೆ ಎತ್ತಿ ಇಳಿಸಿದ್ದ ಆ ತಮ್ಮನ ಕೇಸನ್ನೂ ಅದರಲ್ಲಿ ಸೇರಿಸಿದ್ದರು.

ಆದರೂ ಬೇಡವೆಂದ ಮನೆಗೆ ಚಿಲಕ ಸರಿಸಿ ನುಗ್ಗಿದ್ದು ತಪ್ಪೇ ತಾನೇ. ಅದನ್ನು ಆರೋಪಿಯೂ ಒಪ್ಪಿದ್ದ. ಅದಕ್ಕೆ ಕೋರ್ಟು ಏಳುವವರೆಗೆ ಸಜೆ ಎಂದು ವಿಧಿಸಿದರು. ಇದು ಕೋರ್ಟುಗಳ ಹಳೆಯ ಪದ್ಧತಿ. ಜೈಲಿಲ್ಲ, ಬೇಡಿಯಿಲ್ಲ, ನ್ಯಾಯಾಧೀಶರು ಪೀಠದಿಂದ ಏಳುವ ತನಕ ಅಪರಾಧಿ ಅಲ್ಲೇ ಒಂದು ಮೂಲೆಯಲ್ಲಿ ಕೂತಿದ್ದರೆ ಶಿಕ್ಷೆ ಮುಗಿಯಿತು. ಹಿಂದಿನ ಬೆಂಚಿನ ವಕೀಲರೊಬ್ಬರು ಪಿಸುಗುಟ್ಟಿದರು: ಅಂಟಮ್ಮನ ಕೋರ್ಟಿನಲ್ಲಿ ಈ ಸಜೆಯೆಂದರೆ ಮುದುಕನಿಗೆ ದಿಂಬೂ ಬುತ್ತಿಯೂ ತರಿಸಬೇಕಾಗುತ್ತೆ. ವಕೀಲೆ ಕ್ಷೌರಿಕನನ್ನು ಕೈಹಿಡಿದು ಗೋಡೆಯ ಬದಿಯ ಬೆಂಚಿನ ಮೇಲೆ ಕೂರಿಸಿದಳು.

ಆತ ಕೂತ. ನ್ಯಾಯಾಧೀಶೆ ಪೆನ್ನಿಗೆ ಕ್ಯಾಪು ಹಾಕಿದರು, ಕನ್ನಡಕ ತೆಗೆದು ಪೆಟ್ಟಿಗೆಯಲ್ಲಿಟ್ಟರು. ಎರಡೂ ಕೈಯನ್ನು ಕುರ್ಚಿಯ ತೋಳಿಗೆ ಊರಿ ಎದ್ದು ನಿಂತರು.

ಒಂದು ಕ್ಷಣ ಯಾರಿಗೂ ಏನೂ ಹೊಳೆಯಲಿಲ್ಲ. ಜವಾನನಂತೂ ಕೂಗುವುದನ್ನೇ ಮರೆತ. ಆಮೇಲೆ ಸರ್ಕಾರಿ ವಕೀಲರೇ ಮೊದಲು ಎದ್ದರು, ಅವರ ಹಿಂದೆ ಬೆಂಚುಗಳು ಒಂದೊಂದಾಗಿ ಎದ್ದು, ಇಡೀ ಕೋರ್ಟು ನಿಂತುಕೊಂಡಿತು. ಎಲ್ಲರ ಮುಖದಲ್ಲೂ ಅದುಮಿಟ್ಟ ನಗು. ಕೂತಿದ್ದವನು ಕ್ಷೌರಿಕನೊಬ್ಬನೇ.

"ನನ್ನನ್ನ ಯಾವಾಗ ಬಿಡ್ತಾರೆ?" ಎಂದು ವಕೀಲೆಯನ್ನು ಕೇಳಿದ.

"ಬಿಟ್ಟಾಯ್ತು ತಾತ," ಎಂದಳು ಅವಳು, ಅಳುತ್ತಾ ನಗುತ್ತಾ.

ನ್ಯಾಯಾಧೀಶೆ ತಮ್ಮ ಕೋಣೆಗೆ ಹೋಗಿ ಬಾಗಿಲನ್ನು ಬೇಕೆಂದೇ ಪೂರ್ತಿ ಹಾಕಲಿಲ್ಲ. ಸಂದಿಯಲ್ಲಿ ಎಲ್ಲವೂ ಕಾಣುತ್ತಿತ್ತು. ಕಂಡಕ್ಟರನ ಮಗ ಜನರನ್ನು ಸರಿಸಿಕೊಂಡು ಮುಂದೆ ಬಂದು ಕ್ಷೌರಿಕನ ಎದುರು ತಲೆತಗ್ಗಿಸಿ ನಿಂತಿದ್ದ.

"ನಿನ್ನೆಯಿಂದ ಅಪ್ಪ ಟ್ರಿಮ್ಮರ್ ಹತ್ರಾನೂ ಬಿಡ್ತಿಲ್ಲ," ಎಂದ. "ಆಗಾಗ ಬಾಗಿಲ ಕಡೆ ನೋಡೋದು, ಗದ್ದ ಎತ್ತೋದು. ಈಗಲೇ ಬರ್ತೀರಾ? ಮುಂದಿನ ಬಾಗಿಲಿಂದ ಬನ್ನಿ."

ಕ್ಷೌರಿಕ ಎದ್ದು ಅಂಗಿ ಸರಿಮಾಡಿಕೊಂಡ. ಬಿಸಿನೀರು ಕಾಯಿಸಿಡಲು ಮನೆಗೆ ಫೋನು ಮಾಡು ಎಂದು ಹೇಳಿ, ಮಗನ ಹೆಗಲ ಮೇಲೆ ಕೈಯಿಟ್ಟು ಹೊರಟ. ಬಾಗಿಲಿನವರೆಗೆ ಜನ ದಾರಿ ಬಿಟ್ಟರು.

ಒಳಗೆ ನ್ಯಾಯಾಧೀಶೆ ಒಬ್ಬರೇ ಬಾಯಿಗೆ ಸೆರಗು ಹಿಡಿದು ನಗುತ್ತಿದ್ದರು, ಕಣ್ಣು ತುಂಬಿತ್ತು. ಗೆದ್ದಿದ್ದರು, ಅದನ್ನು ಮುಚ್ಚಿಡುವ ಮನಸ್ಸೂ ಇರಲಿಲ್ಲ. ಸ್ವಲ್ಪ ಹೊತ್ತಿಗೆ ಮುಖ ತೊಳೆದುಕೊಂಡು, ಕೋಟು ಸರಿಪಡಿಸಿಕೊಂಡು, ಮುಂದಿನ ಕೇಸು ಕೂಗಲು ಜವಾನನಿಗೆ ಹೇಳಿ, ಅಂಟಮ್ಮ ಮತ್ತೆ ಬಂದು ತಮ್ಮ ಕುರ್ಚಿಗೆ ಅಂಟಿಕೊಂಡರು.