ಸೆರಗಿನ ಗಂಟಿನಲ್ಲಿ ಎರಡು ಗುಳಿಗೆ

“ಇವೆರಡು ಯಾರ ಪಾಲಿನವು?”

ಬಚ್ಚಲ ಕಲ್ಲಿನ ಮುಂದೆ ಕುಕ್ಕರಗಾಲಲ್ಲಿ ಕುಳಿತಿದ್ದ ಮಲ್ಲಣ್ಣ ಕೇಳಿದ. ಕೇಳಿಸಿಕೊಳ್ಳುವವರು ಯಾರೂ ಇರಲಿಲ್ಲ. ಹೆಂಡತಿ ಶಿವಬಸಮ್ಮ ಒಳಗೆ ಮಲಗಿದ್ದಳು. ನೆನೆಹಾಕಿದ ಅವಳ ಸೀರೆ ಹಿಂಡುವಾಗ ಸೆರಗಿನ ತುದಿ ಕೈಗೆ ಗಟ್ಟಿಯಾಗಿ ಸಿಕ್ಕಿತ್ತು. ಗಂಟು ಬಿಚ್ಚಿದರೆ ಒಂದು ತುಂಡು ಕಾಗದ, ಅದರೊಳಗೆ ನೀರು ಕುಡಿದು ಉಬ್ಬಿದ ಎರಡು ಹಳದಿ ಗುಳಿಗೆ.

ಅವು ಏನೆಂದು ಅವನಿಗೆ ಚೆನ್ನಾಗಿ ಗೊತ್ತಿತ್ತು. ದಿನಾ ಮಧ್ಯಾಹ್ನ ಊಟವಾದ ಮೇಲೆ ಅಂಥ ನಾಲ್ಕನ್ನು ಅವಳ ಅಂಗೈಗೆ ಹಾಕುವವನು ಅವನೇ.

ಶಿವಬಸಮ್ಮನಿಗೆ ರಕ್ತದ ಕ್ಯಾನ್ಸರ್. ಎರಡು ವರ್ಷದ ಹಿಂದೆ ಹೈದರಾಬಾದಿನಲ್ಲಿ ಚಿಕಿತ್ಸೆಯಾಗಿ, ತಲೆಗೂದಲೆಲ್ಲ ಉದುರಿ ಮತ್ತೆ ಬಂದು, ಇನ್ನು ಬಿಟ್ಟುಹೋಯಿತು ಅನ್ನುವಷ್ಟರಲ್ಲಿ ಈ ಯುಗಾದಿಗೆ ಅದು ಮರಳಿ ಬಂದಿತ್ತು. ಹಳೆಯ ಔಷಧಿಗೆ ಈ ಸಲ ಜಗ್ಗಲಿಲ್ಲ. ಯಾದಗಿರಿಯ ಬಸವಂತ್ರಾಯ ಡಾಕ್ಟರು ಹೈದರಾಬಾದಿನವರೊಡನೆ ಮಾತಾಡಿ, ಎರಡು ಔಷಧಿ ಕೂಡಿಸಿ ಕೊಡೋಣ ಅಂದಿದ್ದರು. ತಿಂಗಳಲ್ಲಿ ಏಳು ದಿನ ಹೊಟ್ಟೆಯ ಚರ್ಮಕ್ಕೆ ಸೂಜಿ, ಜೊತೆಗೆ ದಿನಾ ನಾಲ್ಕು ಗುಳಿಗೆ.

“ಈ ಕೆಟ್ಟ ಕಣ ಸಾಯೂದ ಮರತಾವ,” ಎಂದು ಅವರು ತಿಳಿಸಿ ಹೇಳಿದ್ದರು. “ಗುಳಿಗಿ ಅವಕ್ಕ ನೆನಪು ಮಾಡ್ತದ, ಸೂಜಿ ಮುಂದಿನ ಕೆಲಸ ನೋಡ್ತದ. ಎರಡೂ ಕೂಡಿದರನ ಬಲ.”

ಮೊದಲ ತಿಂಗಳು ಮುಗಿಯುತ್ತ ಬಂದಾಗ ಸೊಂಟದ ಎಲುಬಿನಿಂದ ಮಜ್ಜೆ ತೆಗೆದು ನೋಡಿದರು. ಕೆಟ್ಟ ಕಣ ಇಳಿಯಬೇಕಾದಷ್ಟು ಇಳಿದಿರಲಿಲ್ಲ. ಇನ್ನೊಂದು ತಿಂಗಳು ನೋಡೋಣ, ಆಗಲೂ ಇಳಿಯದಿದ್ದರೆ ಇದನ್ನು ನಿಲ್ಲಿಸಬೇಕಾಗುತ್ತದೆ ಎಂದು ಡಾಕ್ಟರು ಹೇಳಿದರು. ನಿಲ್ಲಿಸಿದ ಮೇಲೆ ಏನು ಎಂದು ಮಲ್ಲಣ್ಣ ಕೇಳಲಿಲ್ಲ, ಅವರೂ ಹೇಳಲಿಲ್ಲ. ಆ ಎರಡನೆಯ ತಿಂಗಳ ಮೊದಲ ಸೂಜಿ ನಾಳೆಯೇ.

ಅವನು ಒದ್ದೆ ಗುಳಿಗೆಗಳನ್ನು ಕಲ್ಲಿನ ಮೇಲಿಟ್ಟು ನೋಡಿದ. ತನ್ನ ಕಣ್ಣ ಮುಂದೆ ಇದು ಹೇಗಾಯಿತು? ಕಣ್ಣ ಮುಂದೆ ಆಗಿರಲಿಲ್ಲ. ಅದೇ ಇದರ ಮರ್ಮ.

ಇಪ್ಪತ್ತು ವರ್ಷದಿಂದ ಶಹಾಪುರದ ತಮ್ಮ ಓಣಿಯ ಮಠದಲ್ಲಿ ಶ್ರಾವಣದ ವಚನ ಹೇಳುವ ಕಂಠ ಶಿವಬಸಮ್ಮನದು. ಈ ಶ್ರಾವಣದಲ್ಲಿ ಮಂದಿಯ ನಡುವೆ ಹೋಗುವಂತಿರಲಿಲ್ಲ, ಬಿಳಿ ರಕ್ತಕಣ ಕಡಿಮೆಯಾಗಿ ಯಾರ ಕೆಮ್ಮು ಬೇಕಾದರೂ ಅವಳಿಗೆ ಹತ್ತಬಹುದಿತ್ತು. ಹಾಗಾಗಿ ಮಠದ ಜನವೆಲ್ಲ ಸೇರಿ ಕೇಳುತ್ತಿದ್ದುದನ್ನು ಈಗ ಮಲ್ಲಣ್ಣ ಒಬ್ಬನೇ ಕೇಳುತ್ತಿದ್ದ. ಗುಳಿಗೆಯನ್ನೂ ಪ್ರಸಾದ ಮಾಡಿಕೊಂಡೇ ತಗೋತೀನಿ ಅಂದಿದ್ದಳು. ಅಂಗೈಯಲ್ಲಿ ನಾಲ್ಕು ಗುಳಿಗೆ ಹಿಡಿದು ಒಂದು ವಚನ ಹೇಳುವಳು. ಅವನು ಗೋಡೆಗೆ ಬೆನ್ನು ಹಚ್ಚಿ, ಚಿಕ್ಕಂದಿನಲ್ಲಿ ಅಪ್ಪನ ಮಗ್ಗುಲಲ್ಲಿ ಕುಳಿತು ಕಲಿತಂತೆ, ಕಣ್ಣು ಮುಚ್ಚಿಕೊಂಡು ಕೇಳುವನು. ಕಡೆಯ ಸಾಲು ಮುಗಿದು ಅವನು ಕಣ್ಣು ತೆರೆಯುವಾಗ ಅವಳು ನೀರು ಕುಡಿಯುತ್ತಿರುತ್ತಿದ್ದಳು. ಒಂದು ತಿಂಗಳು ಹೀಗೇ ನಡೆದಿತ್ತು.

ಅವನು ಗುಳಿಗೆಗಳನ್ನು ಎತ್ತಿಕೊಂಡು ಒಳಗೆ ಹೋಗಿ, ಅಂಗೈ ಚಾಚಿ ತೋರಿಸಿ, ಯಾರಿಗೆ ಎಂದಷ್ಟೇ ಕೇಳಿದ.

ಶಿವಬಸಮ್ಮ ಎದ್ದು ಕುಳಿತಳು. ಸುಳ್ಳು ಹೇಳುವ ರೂಢಿ ಅವಳಿಗಿರಲಿಲ್ಲ.

“ಇಮಾಮಬೀಗ್ರಿ.”

ಇಮಾಮಬೀ ಸುರಪುರದವಳು. ಜಂಪರು ಹೊಲಿದು ಬಾಳುವವಳು, ಮೂವತ್ತೈದು ಇರಬಹುದು, ಶಾಲೆಗೆ ಹೋಗುವ ಇಬ್ಬರು ಹೆಣ್ಣುಮಕ್ಕಳು. ಅದೇ ಕಾಯಿಲೆ, ಅವಳಿಗೂ ಮರಳಿ ಬಂದದ್ದು. ಇಬ್ಬರಿಗೂ ಸೂಜಿ ಒಂದೇ. ಕೊಳ್ಳಲಾಗದಷ್ಟು ದುಬಾರಿಯಾದ ಗುಳಿಗೆಗಾಗಿ ಡಾಕ್ಟರು ಒಂದು ಟ್ರಸ್ಟಿಗೆ ಇಬ್ಬರ ಅರ್ಜಿಯನ್ನೂ ಕಳಿಸಿದ್ದರು. ಶಿವಬಸಮ್ಮನದು ಮಂಜೂರಾಗಿ ಬಂತು, ಇಮಾಮಬೀಯದು ಇನ್ನೂ ಬಂದಿರಲಿಲ್ಲ. ಸುರಪುರದಿಂದ ಯಾದಗಿರಿಗೆ ಹೋಗುವ ಬೆಳಗಿನ ಖಾಲಿ ಬಸ್ಸಿನಲ್ಲಿ ಅವಳು ಕಿಡಕಿ ಪಕ್ಕದ ಸೀಟು ಶಹಾಪುರದವರೆಗೆ ಕಾದಿಡುವಳು. ಮುಖಕ್ಕೆ ಮಾಸ್ಕು, ತಲೆಗೆ ಸೆರಗು ಹೊದ್ದು ಶಿವಬಸಮ್ಮ ಹತ್ತಿದ ಮೊದಲ ದಿನ ಅವಳೇ ಮಾತು ತೆಗೆದಿದ್ದಳು: “ಬರ್ರಿ ಅಕ್ಕಾ, ಬರೇ ಕಣ್ಣ ಕಾಣ್ತಾವ. ನಮ್ಮವರಿಗಿಂತ ನಿಮ್ಮ ಬುರಖಾನ ಛಲೋ ಅದ.” ಇಬ್ಬರೂ ಭೀಮೆಯ ಸೇತುವೆ ದಾಟುವವರೆಗೆ ನಕ್ಕಿದ್ದರು. ಹಿಂದಿನ ಸೀಟಿನಲ್ಲಿದ್ದ ಮಲ್ಲಣ್ಣನಿಗೆ ಆ ನಗು ಈಗಲೂ ನೆನಪಿತ್ತು.

“ನಮ್ಮವ್ವ ಮೊದಲ ರೊಟ್ಟಿ ಬ್ಯಾರೇದವರಿಗೆ ತಗದಿಡಲಾರದ ಉಂಡಿದ್ದು ನಾ ನೋಡಿಲ್ರಿ,” ಎಂದಳು ಶಿವಬಸಮ್ಮ. “ಮಗ್ಗಲ ಮಂಚದ ಮ್ಯಾಲ ಆಕಿ ಬರೇ ಸೂಜಿ ಮಾಡಿಸ್ಕೊಂಡು ಮಲಗಿರ್ತಾಳ. ನಾ ಒಬ್ಬಾಕಿನ ಹೆಂಗ ತಿನ್ಲಿ?”

ಇಮಾಮಬೀ ಹೇಗೆ ಒಪ್ಪಿದಳು ಎಂದು ಅವನು ಕೇಳಿದ. ಆಸ್ಪತ್ರೆಯವರು ಹೆಚ್ಚಿಗೆ ಕೊಟ್ಟಿದ್ದಾರೆ, ಉಳಿದಿವೆ ಎಂದು ಶಿವಬಸಮ್ಮ ಹೇಳಿದ್ದಳಂತೆ. ರಕ್ತ ಪರೀಕ್ಷೆಗೆ ಕೂಡಿದಾಗೆಲ್ಲ ಒಂದೊಂದು ಪೊಟ್ಟಣ.

ಮಲ್ಲಣ್ಣನಿಗೆ ಸಿಟ್ಟು ಬರಲಿಲ್ಲ. ಹೆಂಡತಿಯ ಈ ಕೈಯನ್ನು ಅವನು ಮೂವತ್ತೈದು ವರ್ಷ ಕಂಡಿದ್ದ. ಹೊರಗೆ ಹೋಗಿ ಡಾಕ್ಟರಿಗೆ ಫೋನು ಹಚ್ಚಿದ. ಅವರು ಪೂರ್ತಿ ಕೇಳಿಕೊಂಡರು. ಆಮೇಲೆ, ಬೈಯದೆ, ಹೀಗೆ ಪಾಲು ಮಾಡಿದ್ದರಿಂದ ಶಿವಬಸಮ್ಮನಿಗೂ ಬಲ ಸಾಲದೆ ಹೋಗಿರಬಹುದು, ಇಮಾಮಬೀಗೂ ಅಷ್ಟೇ ಅಂದರು. ಪೂರ್ತಿ ಕೊಡದ ಔಷಧಿ ಸೋತಿತು ಎಂದು ಹೇಳಲಾರೆ, ಈ ತಿಂಗಳು ನಾಲ್ಕಕ್ಕೆ ನಾಲ್ಕೂ ಹೋಗಲಿ ಅಂದರು. ಇಮಾಮಬೀಯ ಅರ್ಜಿಗೆ ಇವತ್ತೇ ಇನ್ನೊಮ್ಮೆ ಬರೆಯುತ್ತೇನೆ, ಆದರೆ ಯಾವಾಗ ಬರುತ್ತದೆಂದು ಮಾತು ಕೊಡಲಾರೆ ಎಂದೂ ಸೇರಿಸಿದರು.

ಅವನು ಒಳಗೆ ಬಂದು ಹೆಂಡತಿಯ ಪಕ್ಕ ಕುಳಿತ. ಮೂವತ್ತು ವರ್ಷ ಕಾಲುವೆಯ ಗೇಟು ಎತ್ತಿ ಇಳಿಸಿದವನಿಗೆ ಬೇರೆ ಉದಾಹರಣೆ ಹೊಳೆಯಲಿಲ್ಲ.

“ದೇವಾಪುರದ ಕಡೆ ಡ್ಯೂಟಿ ಇದ್ದಾಗಿನ ಮಾತು ನೆನಪದನ? ಎರಡೂ ಕವಲಿನವರು ಬಂದು ಕೈ ಮುಗದರು. ಒಬ್ಬರಿಗೆ ಇಲ್ಲನ್ನಾಕ ಆಗಲಾರದ ನಾ ಎರಡೂ ಗೇಟು ಅರ್ಧರ್ಧ ಎತ್ತಿದೆ.”

ಅವಳಿಗೆ ನೆನಪಿತ್ತು. ನೀರು ಎರಡೂ ಕಡೆ ಹರಿದಿತ್ತು, ಎರಡೂ ಕಡೆ ತುದಿ ಮುಟ್ಟಿರಲಿಲ್ಲ. ಎರಡೂ ತುದಿಯ ಭತ್ತ ಸುಟ್ಟುಹೋಗಿತ್ತು. ಆಮೇಲೆ ಎಂಟು ದಿನ ಒಂದು ಕವಲಿಗೆ ತುಂಬಾ ನೀರು, ಎಂಟು ದಿನ ಇನ್ನೊಂದಕ್ಕೆ ಎಂದು ಪಾಳಿ ಹಚ್ಚಿದ್ದರು. ಆ ಸಲ ಇವನು ಎರಡು ದಿನ ಊಟ ಬಿಟ್ಟಿದ್ದ.

“ಡಾಕ್ಟರೂ ಅದನ್ನ ಅಂತಾರ,” ಎಂದ. “ನೀ ಆಕಿಗೆ ಕೊಟ್ಟಿದ್ದು ಆಕಿಗೂ ಮುಟ್ಟಿಲ್ಲ.”

ಈ ಮಾತಿಗೆ ಶಿವಬಸಮ್ಮನ ಕಣ್ಣು ತುಂಬಿತು. ತನ್ನದು ಹೋಯಿತೆಂದಲ್ಲ ಎನ್ನುವುದು ಅವನಿಗೆ ತಿಳಿದಿತ್ತು.

ಮಧ್ಯಾಹ್ನ ಅವಳು ರೊಟ್ಟಿ ಮುರಿದು ಎರಡು ತುತ್ತು ತಿಂದಳು. ನಾಲ್ಕು ಗುಳಿಗೆ ಅಂಗೈಗೆ ಬಂದವು. ವಚನ ಶುರುವಾಯಿತು. ಮಲ್ಲಣ್ಣ ಹುಟ್ಟಿದ ಮೇಲೆ ಮೊದಲ ಸಲ ಕಣ್ಣು ತೆರೆದುಕೊಂಡು ಕೇಳಿದ. ಅವಳ ತುಟಿಯ ಬಿರುಕು, ಕತ್ತಿನ ನರ, ಉಸಿರು ಸಾಲದಾಗಿ ಸಾಲಿನ ನಡುವೆ ನಿಲ್ಲುವುದು, ಇದಾವುದನ್ನೂ ಅವನು ಇಷ್ಟು ದಿನ ನೋಡಿರಲಿಲ್ಲ. ಧ್ವನಿ ಮಾತ್ರ ಹಳೆಯದೇ ಆಗಿತ್ತು. ಅವಳು ಒಂದೊಂದಾಗಿ ನಾಲ್ಕನ್ನೂ ನುಂಗಿ, ಬರಿದಾದ ಅಂಗೈಯನ್ನು ಅವನಿಗೆ ತೋರಿಸಿದಳು. ಅವನಿಗೆ ನಾಚಿಕೆಯಾಗಿ ಮುಖ ತಿರುಗಿಸಿದ.

ಮರುದಿನ ಬಸ್ಸಿನಲ್ಲಿ ಇಮಾಮಬೀ ಸೀಟು ಹಿಡಿದಿದ್ದಳು. ಹಿರಿಯ ಮಗಳು ತನ್ನ ಹಳೆಯ ಜಂಪರನ್ನು ಬಿಚ್ಚಿ ಹೊಲಿಗೆ ಕಲಿಯಲು ಹೊರಟು, ತೋಳನ್ನು ಕುತ್ತಿಗೆಗೆ ಹೊಲಿದಿದ್ದನ್ನು ಹೇಳಿ ನಗಿಸಲು ನೋಡಿದಳು. ಶಿವಬಸಮ್ಮ ನಗಲಿಲ್ಲ. ದಾರಿಯುದ್ದಕ್ಕೂ ಅವಳು ಏನೋ ಲೆಕ್ಕ ಹಾಕುವವಳಂತೆ ಹೊರಗೆ ನೋಡುತ್ತಿದ್ದಳು.

ಆಸ್ಪತ್ರೆಯಲ್ಲಿ ಇಬ್ಬರಿಗೂ ಸೂಜಿಯಾಯಿತು. ನರ್ಸ್ ಬಂದು ಶಿವಬಸಮ್ಮನ ಕೈಗೆ ಹೊಸ ತಿಂಗಳ ಗುಳಿಗೆಯ ಡಬ್ಬಿ ಕೊಟ್ಟುಹೋದಳು. ಮಲ್ಲಣ್ಣ ಎರಡು ಮಂಚದ ನಡುವಿನ ಸ್ಟೂಲಿನ ಮೇಲೆ ಕುಳಿತಿದ್ದ. ಹೇಳುವುದು ತನ್ನ ಪಾಲಿಗೆ ಬಂತೆಂದು, ತಗ್ಗಿದ ದನಿಯಲ್ಲಿ ಇಮಾಮಬೀಗೆ ಎಲ್ಲ ಹೇಳಿದ. ಉಳಿದವುಗಳನ್ನು ಕೊಟ್ಟದ್ದಲ್ಲ, ಶಿವಬಸಮ್ಮ ತಾನು ತಿನ್ನಬೇಕಾದದ್ದರಲ್ಲಿ ಅರ್ಧ ಕೊಟ್ಟದ್ದೆಂದು. ಅದರಿಂದ ಇಬ್ಬರಿಗೂ ಆಗಬೇಕಾದದ್ದು ಆಗಿಲ್ಲವೆಂದು. ಇಮಾಮಬೀ ತನ್ನ ಎರಡೂ ಕೈ ನೋಡಿಕೊಂಡಳು.

ಆಗ ಶಿವಬಸಮ್ಮ ಮಂಚದಿಂದ ಇಳಿದಳು. ಡಬ್ಬಿಯನ್ನು ಒಯ್ದು ಇಮಾಮಬೀಯ ಉಡಿಯಲ್ಲಿಟ್ಟಳು.

“ಅರ್ಧ ಕೊಟ್ಟಿದ್ದು ನನ್ನ ತಪ್ಪು, ತಂಗಿ. ಈ ತಿಂಗಳ ಪಾಳಿ ಪೂರ್ತಿ ನಿನಗಿರ್ಲಿ. ನಿನಗ ಎರಡು ಹೆಣ್ಣದಾವ. ನಿನ್ನ ಅರ್ಜಿ ಬಂದ ಮ್ಯಾಲ ಆ ಡಬ್ಬಿ ನನಗ ಕೊಡು. ಅಲ್ಲೀತನಕ ನಾ ಬರೇ ಸೂಜಿ ಮ್ಯಾಲ ಇರ್ತೀನಿ.”

ಬಸ್ಸಿನಲ್ಲಿ ಅವಳು ಹಾಕುತ್ತಿದ್ದ ಲೆಕ್ಕ ಇದೇ ಎಂದು ಮಲ್ಲಣ್ಣನಿಗೆ ಆಗ ತಿಳಿಯಿತು. ತಾನು ಹೇಳಿದ ಪಾಳಿಯ ಮಾತೇ ಅವಳ ಬಾಯಲ್ಲಿತ್ತು. ತಗೋಬೇಡ ಅನ್ನಲು ಅವನ ನಾಲಿಗೆ ಏಳಲಿಲ್ಲ. ಎದುರಿಗಿದ್ದವಳ ಪ್ರಾಣವೂ ಪ್ರಾಣವೇ. ತಗೋ ಅನ್ನಲು ಎದೆ ಒಪ್ಪಲಿಲ್ಲ. ಅವನು ಸ್ಟೂಲಿನ ಅಂಚು ಹಿಡಿದು ಕುಳಿತ.

ಇಮಾಮಬೀ ಡಬ್ಬಿಯ ಮೇಲೆ ಕೈಯಿಟ್ಟಳು. ಬಹಳ ಹೊತ್ತು ಇಟ್ಟುಕೊಂಡೇ ಇದ್ದಳು. ಆಮೇಲೆ ಶಿವಬಸಮ್ಮನ ಸೆರಗು ಹಿಡಿದು ಹತ್ತಿರ ಎಳೆದುಕೊಂಡು, ಡಬ್ಬಿಯನ್ನು ಆ ಸೆರಗಿನೊಳಗಿಟ್ಟು, ಹೊಲಿಗೆಯವಳ ಬೆರಳಿನಿಂದ ಎರಡು ಬಿಗಿ ಗಂಟು ಹಾಕಿದಳು.

“ತಗೋ ಅಂತ ಇನ್ನೊಮ್ಮೆ ಅನಬ್ಯಾಡ,” ಎಂದಳು. “ಬ್ಯಾಡ, ಅಕ್ಕಾ. ನಾ ತಗೊಳ್ಳಾಂಗಿಲ್ಲ.”