ಹಿಂಬಾಗಿಲ ಇಟ್ಟಿಗೆ

ಅಮೆರಿಕದ ಕೆಂಟಕಿಯ ನಮ್ಮ ಕಣಿವೆಯಲ್ಲಿ ಮನೆಯ ಮುಂಬಾಗಿಲಿಗೆ ಬರುವವರು ಪಾದ್ರಿ, ಪೊಲೀಸು, ಬಿಟ್ಟರೆ ಗುರುತಿಲ್ಲದವರು. ನಮ್ಮವರೆಲ್ಲ ಹಿಂದಿನಿಂದ, ಅಡಿಗೆಮನೆ ಬಾಗಿಲಿಂದ ಬರುತ್ತಾರೆ. ನಮ್ಮಮ್ಮ ಸತ್ತ ದಿನ ಶವದ ಪೆಟ್ಟಿಗೆ ಹೊರಗೆ ತರೋಣವೆಂದರೆ ಮುಂಬಾಗಿಲ ಚಿಲಕ ತುಕ್ಕು ಹಿಡಿದು ಕೂತಿತ್ತು. ಸುತ್ತಿಗೆ ತಂದು ಬಡಿದೆವು.

ನಾನು ಆರನೇ ತರಗತಿಗೆ ಶಾಲೆ ಬಿಟ್ಟವನು. ಗಣಿಯಲ್ಲಿ ಹತ್ತೊಂಬತ್ತು ವರ್ಷ ದುಡಿದೆ. ಅದು ಮುಚ್ಚಿದ ಮೇಲೆ ಊರಿನ ಕಮ್ಯುನಿಟಿ ಕಾಲೇಜಿನಲ್ಲಿ ಕಸ ಗುಡಿಸುತ್ತಿದ್ದೇನೆ, ಇಪ್ಪತ್ತಾರು ವರ್ಷವಾಯಿತು.

ಕಾಲೇಜಿಗೆ ಸರ್ಕಾರದಿಂದ ಒಂದು ಅನುದಾನ ಬಂತು. ಓದನ್ನು ನಡುವೆ ಬಿಟ್ಟು ಹೋಗುವವರನ್ನು ಹಿಡಿದು ನಿಲ್ಲಿಸಿ ಪಾಸು ಮಾಡಿಸಬೇಕು, ಅದಕ್ಕೆ. ಐದು ವರ್ಷದ್ದು, ನಡುವೆ ಒಮ್ಮೆ ಪರಿಶೀಲನೆ. ಆ ಹಣದಲ್ಲಿ ಕೆಳಗಿನ ಪಡಸಾಲೆಯ ಕೊನೆಯಲ್ಲಿ ಒಂದು ಕೋಣೆಯಾಯಿತು. ಲೆಕ್ಕ ಹೇಳಿಕೊಡಲು ಪಟ್ಟಣದಿಂದ ಡೊರೀನ್ ಎಂಬ ಹೆಂಗಸು ಬಂದಳು. ಮುಂಬಾಗಿಲ ಪಕ್ಕದ ಗೋಡೆಗೆ ಒಂದು ಯಂತ್ರ ಹಾಕಿದರು. ಆ ಕೋಣೆಗೆ ಬರುವವರಿಗೆಂದು ಕೊಟ್ಟ ಕಾರ್ಡು ತಾಗಿಸಿದರೆ ಹಸಿರು ದೀಪ ಹೊತ್ತುತ್ತಿತ್ತು. ಕಳ್ಳಕಾಕರು ಬಾರದಿರಲಿ ಎಂದು ಹಾಕಿದ್ದಾರೆ ಅಂದುಕೊಂಡಿದ್ದೆ.

ಮೊದಲು ಬಂದವಳು ಟ್ವೈಲಾ. ನಲವತ್ತೊಂದು ವರ್ಷದವಳು, ಮುಚ್ಚಿಹೋದ ಹೊಲಿಗೆ ಕಾರ್ಖಾನೆಯವಳು. ನರ್ಸ್ ಆಗಬೇಕೆಂದು ಸೇರಿ ಲೆಕ್ಕದಲ್ಲಿ ಎರಡು ಸಲ ಬಿದ್ದಿದ್ದಳು. ಇನ್ನೊಮ್ಮೆ ಬಿದ್ದರೆ ಫೀಸಿಗೆ ಸಿಗುವ ನೆರವು ನಿಲ್ಲುತ್ತದೆ, ಅಲ್ಲಿಗೆ ಮುಗಿಯಿತು. ಮೊದಲ ದಿನ ಕಾಲೇಜಿನ ಮುಂದುಗಡೆ ತನ್ನ ಪಿಕಪ್ ಟ್ರಕ್ಕಿನಲ್ಲೇ ಅರ್ಧ ಗಂಟೆ ಕೂತು ಮನೆಗೆ ಹೋದಳು. ಮರುದಿನ ಹಿಂದುಗಡೆ, ಕಸದ ತೊಟ್ಟಿಯ ಹತ್ತಿರ ನಿಂತಿದ್ದಳು.

"ಹೋಬರ್ಟ್ ಮಾಮ, ಇಲ್ಲಿಂದ ಬಂದ್ರೆ ಯಾರಾದ್ರೂ ಬೈತಾರಾ?"

"ಯಾರಮ್ಮ ಬೈತಾರೆ, ಬಾ," ಎಂದು ಬಾಗಿಲು ಮುಚ್ಚಿಕೊಳ್ಳದಂತೆ ಒಂದು ಇಟ್ಟಿಗೆ ಒತ್ತು ಕೊಟ್ಟೆ.

ಅಂದಿನಿಂದ ದಿನವೂ ಇಟ್ಟೆ. ಅವಳ ಹಿಂದೆ ಉಳಿದವರೂ ಬಂದರು. ಬುಧವಾರ ಡೊರೀನ್ ದೊಡ್ಡ ಪಾತ್ರೆಯಲ್ಲಿ ಬೀನ್ಸ್ ಬೇಯಿಸುತ್ತಿದ್ದಳು, ಯಾರಾದರೂ ಜೋಳದ ಬ್ರೆಡ್ ತರುತ್ತಿದ್ದರು. ಟ್ವೈಲಾ ಕೂಡುವ ಕಳೆಯುವ ಲೆಕ್ಕದಿಂದಲೇ ಶುರುಮಾಡಿದ್ದಳು.

"ಭಿನ್ನರಾಶಿ ನನ್ನ ತಲೆಗೆ ಹತ್ತಲ್ಲ ಮಿಸ್ ಡೊರೀನ್."

"ಇಪ್ಪತ್ತು ವರ್ಷ ಪ್ಯಾಂಟು ಕತ್ತರಿಸಿದ್ಯಲ್ಲ, ಒಂದು ತಾನು ಬಟ್ಟೇಲಿ ಎಷ್ಟು ಕಾಲು ಬರುತ್ತೆ ಅಂತ ಯಾರು ಹೇಳ್ಕೊಟ್ರು?"

"ಯಾರೂ ಇಲ್ಲ. ತಪ್ಪಿದ್ರೆ ಮೇಸ್ತ್ರಿ ಬೈತಿದ್ದ."

"ಹಾಗಾದ್ರೆ ನಾನೂ ಬೈತೀನಿ, ಕೂತ್ಕೋ."

ಎರಡೂವರೆ ವರ್ಷ ಹೀಗೇ ನಡೆಯಿತು. ಬರುವ ಮೇ ತಿಂಗಳಲ್ಲಿ ಟ್ವೈಲಾಳ ಮೂರನೇ ಸಲದ ಪರೀಕ್ಷೆ ಇತ್ತು. ಅದಕ್ಕೆ ಮುಂಚೆ ಫೆಬ್ರವರಿಯಲ್ಲಿ ಅನುದಾನದ ಕಡೆಯವನೊಬ್ಬ ಪರಿಶೀಲನೆಗೆ ಬಂದ. ನಾನು ಅದೇ ಕೋಣೆಯ ಕಿಟಕಿ ಒರಸುತ್ತಿದ್ದೆ.

"ಇಷ್ಟು ದಿನದಲ್ಲಿ ಇಲ್ಲಿಗೆ ಬಂದವರು ಹನ್ನೊಂದು ಜನ," ಎಂದ.

ಡೊರೀನ್ ನಕ್ಕುಬಿಟ್ಟಳು. "ಹನ್ನೊಂದಾ? ಬುಧವಾರ ಬಂದು ನೋಡ್ರಿ, ಕುರ್ಚಿ ಸಾಲದೆ ನಾನು ಬಕೆಟ್ ಬೋರಲು ಹಾಕಿ ಕೂರ್ತೀನಿ."

"ಮುಂಬಾಗಿಲ ಯಂತ್ರ ಹೇಳೋದು ಹನ್ನೊಂದೇ, ಮೇಡಂ."

ಆ ಯಂತ್ರ ಇದ್ದದ್ದು ತಲೆ ಎಣಿಸಲು ಎಂದು ಆಗ ನನಗೆ ತಿಳಿಯಿತು. ಬಟ್ಟೆ ಕೆಳಗಿಟ್ಟೆ.

"ಅವರೆಲ್ಲ ಹಿಂದಿನಿಂದ ಬರ್ತಾರೆ ಸಾರ್. ಬಾಗಿಲಿಗೆ ಇಟ್ಟಿಗೆ ಇಡೋನು ನಾನೇ."

ಅವನು ನನ್ನನ್ನು ನೋಡಿದ. ಕೆಟ್ಟವನಲ್ಲ. "ಒಳ್ಳೇದೇ ಮಾಡಿದೀರಿ. ಆದ್ರೆ ಇಟ್ಟಿಗೆ ವಿಷಯ ಬರೆಯೋಕೆ ಈ ಫಾರಮ್ಮಲ್ಲಿ ಜಾಗ ಇಲ್ವಲ್ಲ, ಏನ್ ಮಾಡ್ಲಿ?"

ನಾನು ಉಳಿದ ಕಿಟಕಿ ಒರಸಿದೆ.

ಮಾರ್ಚಿನಲ್ಲಿ ಕಾಗದ ಬಂತು. ಅನುದಾನ ನಿಂತಿತು. ಡೊರೀನ್ ಪಾತ್ರೆಯನ್ನು ಕಾರಿನ ಡಿಕ್ಕಿಯಲ್ಲಿಟ್ಟು ಹೇಳಿದಳು: "ಆ ಯಂತ್ರ ಯಾಕೆ ಅಂತ ನಿಮಗೆ ನಾನು ಹೇಳ್ಬೇಕಿತ್ತು ಮಾಮ." ನಾನು ಕಾರಿನ ಬಾಗಿಲು ಹಿಡಿದುಕೊಂಡು ನಿಂತಿದ್ದೆ.

ಹಿಂಬಾಗಿಲಿಗೆ ಬೀಗ ಹಾಕಿಸಿದರು. ಮುಂದಿನ ಬುಧವಾರ ಟ್ವೈಲಾ ಸುತ್ತಿಕೊಂಡು ಮುಂದಿನಿಂದ ಬಂದಳು. ಕಾರ್ಡು ತಾಗಿಸಿದಳು, ಹಸಿರು ದೀಪ ಹೊತ್ತಿತು. ಕೋಣೆಯಲ್ಲಿ ಕುರ್ಚಿಗಳನ್ನು ಒಂದರ ಮೇಲೊಂದು ಪೇರಿಸಿದ್ದೆ. ನೋಡಿ ತಿರುಗಿ ಬಂದಳು.

"ಎಷ್ಟು ದಿನ ಮುಚ್ಚಿರುತ್ತೆ ಮಾಮ?"

"ಮುಚ್ಚೇಹೋಯ್ತು ಕಣಮ್ಮ." ಇಟ್ಟಿಗೆಯ ವಿಷಯ ಹೇಳಿದೆ.

"ಅದಿಲ್ದಿದ್ರೆ ನಾನು ಬರ್ತಾನೇ ಇರ್ಲಿಲ್ಲ ಬಿಡಿ," ಎಂದಳು.

ಪಡಸಾಲೆಯ ಬೆಂಚಿನ ಮೇಲೆ ಕೂತು ಪುಸ್ತಕ ತೆಗೆದಳು. ಲಕೋಟೆಯ ಹಿಂದೆ ಒಂದು ಲೆಕ್ಕ ಮಾಡಿ, ಹೊಡೆದುಹಾಕಿ, ಮತ್ತೆ ಮಾಡಿದಳು. ನಾನು ನೆಲ ಒರಸುತ್ತ ಹತ್ತಿರ ಬಂದಾಗ ಲಕೋಟೆ ನನ್ನ ಕಡೆ ತಿರುಗಿಸಿದಳು.

"ಇದು ಸರಿನಾ ಮಾಮ?"

ತುಂಬ ಹೊತ್ತು ನೋಡಿದೆ. "ಗೊತ್ತಿಲ್ಲಮ್ಮ," ಎಂದೆ. ನೆಲ ಒದ್ದೆ ಇತ್ತೆಂದು ಅವಳು ಕಾಲೆತ್ತಿ ಕೂತಳು. ನಾನು ಬೆಂಚಿನ ಕೆಳಗೆ ಒರಸಿದೆ.

ಮೇ ತಿಂಗಳಲ್ಲಿ ನಾಲ್ಕು ಅಂಕ ಸಾಲದೆ ಬಿದ್ದಳು. ಈಗ ಹೆದ್ದಾರಿಯ ಅಂಗಡಿಯೊಂದರಲ್ಲಿ ಕೆಲಸಕ್ಕಿದ್ದಾಳೆ. ಹೋದಾಗ ನನ್ನ ಮೊಣಕಾಲು ನೋವು ಹೇಗಿದೆ ಎಂದು ಕೇಳುತ್ತಾಳೆ.

ಇಟ್ಟಿಗೆ ಆ ಬಾಗಿಲ ಪಕ್ಕದಲ್ಲೇ ಇದೆ. ಗುಡಿಸುವಾಗ ಎತ್ತಿ, ಕೆಳಗಿನ ಧೂಳು ತೆಗೆದು, ಮತ್ತೆ ಅಲ್ಲೇ ಇಡುತ್ತೇನೆ.