ಗುಂಡಣ್ಣನ ಪ್ಯಾಂಟು

ಗುಂಡಣ್ಣ ಬೆಲ್ಟ್ ಕಟ್ಟುವ ಪೈಕಿಯವನಲ್ಲ. ಪ್ಯಾಂಟನ್ನು ಹೊಟ್ಟೆಯೇ ಹಿಡಿದುಕೊಳ್ಳುತ್ತಿತ್ತು. ಬಸ್ ಡಿಪೋದಲ್ಲಿ ಡ್ರೈವರಾಗಿದ್ದ ಅವನಿಗೆ ಆ ಹೆಸರು ಬಂದದ್ದೂ ಆ ಹೊಟ್ಟೆಯಿಂದಲೇ. ಸ್ಟೀರಿಂಗಿಗೂ ಅವನ ಹೊಟ್ಟೆಗೂ ದಿನಾ ಜಗಳ ಎಂದು ಕಂಡಕ್ಟರುಗಳು ಕಾಲೆಳೆದರೆ ಅವರಿಗಿಂತ ಜೋರಾಗಿ ಅವನೇ ನಗುತ್ತಿದ್ದ. ಹೆಂಡತಿ ಮನೆಯ ಮುಂದಿನ ಕೋಣೆಯಲ್ಲಿ ಹೊಲಿಗೆ ಅಂಗಡಿ ಇಟ್ಟವಳು. ಅವನ ಬಟ್ಟೆಗಳನ್ನೆಲ್ಲ ಅವಳೇ ಹೊಲಿಯುತ್ತಿದ್ದಳು.

ಆಮೇಲೆ ಕಾಯಿಲೆ ಬಂತು. ಅದರ ಹೆಸರನ್ನು ಮನೆಯಲ್ಲಿ ಇಬ್ಬರೂ ಎತ್ತಲಿಲ್ಲ. ‘ಹೊಟ್ಟೆ ತೊಂದರೆ’ ಎಂದುಕೊಂಡರು. ಅವನು ರಜೆ ಹಾಕಿ ಮನೆಯಲ್ಲಿ ಕೂತ. ಒಂದು ಬೆಳಿಗ್ಗೆ ಪ್ಯಾಂಟು ಸೊಂಟದಿಂದ ಜಾರಿತು. ಅದನ್ನು ಮುಷ್ಟಿಯಲ್ಲಿ ಹಿಡಿದು ನಿಂತವನನ್ನು ಅವಳು ಬಾಗಿಲ ಸಂದಿಯಿಂದ ಕಂಡಳು. ಮುಖದಲ್ಲಿ ರಕ್ತವೇ ಇರಲಿಲ್ಲ. ಅಂಥ ಆಳು ಹೆದರಿದ್ದನ್ನು ಅವಳು ಅಲ್ಲಿಯವರೆಗೆ ನೋಡಿರಲಿಲ್ಲ.

“ಬಟ್ಟೆ ಹಿಗ್ಗಿದೆ ಕಣ್ರೀ, ಕೊಡಿ ಇಲ್ಲಿ” ಎಂದು ಇಸಿದುಕೊಂಡು, ಹಿಂದಿನ ಹೊಲಿಗೆ ಬಿಚ್ಚಿ, ಸ್ವಲ್ಪ ಒಳಗೆ ಹಿಡಿದು ಹೊಲಿದು ಕೊಟ್ಟಳು. ಹಾಕಿಕೊಂಡ, ಸರಿಯಾಯಿತು, ಹೋದ ಜೀವ ಬಂದಂತಾಯಿತು ಅವನಿಗೆ.

ಅಷ್ಟಕ್ಕೇ ನಿಲ್ಲಿಸಬೇಕಿತ್ತು ಹೆಂಗಸು. ನಿಲ್ಲಿಸಲಿಲ್ಲ. ಇಸ್ತ್ರಿ ಮಾಡುವ ನೆಪದಲ್ಲಿ ಪ್ಯಾಂಟುಗಳನ್ನು ಒಯ್ದು, ಅವನಿಗೆ ತಿಳಿಯದ ಹಾಗೆ ಮತ್ತೆ ಮತ್ತೆ ಚಿಕ್ಕದು ಮಾಡಿದಳು. ಶರ್ಟುಗಳನ್ನೂ ಬಿಡಲಿಲ್ಲ. ಮನೆಯಲ್ಲಿ ಕನ್ನಡಿ ಇರಲಿಲ್ಲವೇ ಎಂದರೆ ಇತ್ತು, ಆದರೆ ಅವನು ಅದರಲ್ಲಿ ನೋಡುತ್ತಿದ್ದದ್ದು ಮೀಸೆಯನ್ನಷ್ಟೇ. ಕಾಣಬಾರದು ಎಂದುಕೊಂಡವನಿಗೆ ಯಾವ ಕನ್ನಡಿ ಏನು ತೋರಿಸೀತು.

ಆಸ್ಪತ್ರೆಯಲ್ಲಿ ಡಾಕ್ಟರಮ್ಮ ಅವನನ್ನು ತೂಕ ಮಾಡಿ ಹುಬ್ಬು ಗಂಟಿಕ್ಕಿದರು. “ತೂಕ ತುಂಬಾ ಇಳಿದಿದೆ. ಈಗಲೇ ಚಿಕಿತ್ಸೆ ಶುರು ಮಾಡಿದ್ರೆ ಹಿಡಿತಕ್ಕೆ ಬರಬಹುದು. ಬಿಟ್ರೆ ಆಮೇಲೆ ನಮ್ಮ ಕೈಲೂ ಆಗಲ್ಲ.”

“ನಿಮ್ಮ ತೂಕದ ಮಷೀನು ಕೆಟ್ಟಿದೆ ಡಾಕ್ಟ್ರೇ” ಎಂದ ಅವನು, ಸೊಂಟ ತಟ್ಟಿಕೊಂಡು. “ಹಳೇ ಪ್ಯಾಂಟು ಇದು. ಬೆಲ್ಟಿಲ್ಲ, ದಾರ ಇಲ್ಲ, ಹೆಂಗೆ ಕೂತಿದೆ ನೋಡಿ. ಮಷೀನು ಸುಳ್ಳು ಹೇಳಬಹುದು, ಪ್ಯಾಂಟು ಹೇಳುತ್ತಾ? ಬೇಕಾದ್ರೆ ಇವಳನ್ನೇ ಕೇಳಿ.”

ಡಾಕ್ಟರಮ್ಮ ಅವಳ ಕಡೆ ತಿರುಗಿದರು. ಅವಳು ಅವನ ಪ್ಯಾಂಟಿನ ಹೊಲಿಗೆಯನ್ನೇ ನೋಡುತ್ತಿದ್ದಳು. ಚಿಕಿತ್ಸೆ ಬೇಡವೆಂದು ಅವನು ಎದ್ದು ಬಂದುಬಿಟ್ಟ.

ಮನೆಯಲ್ಲಿ ಅತ್ತಳು, ಕಾಲಿಗೆ ಬಿದ್ದಳು. “ನೀನೇ ಹೊಲಿದಿದ್ದು. ನಿನ್ನ ಅಳತೆ ಮೇಲೆ ನಿನಗೇ ನಂಬಿಕೆ ಇಲ್ವೇನೇ?” ಎಂದು ಅವನು ನಕ್ಕ. ತನ್ನ ಬೆರಳಿನಿಂದ ತನ್ನ ಕಣ್ಣನ್ನೇ ತಿವಿದುಕೊಂಡಿದ್ದಳು ಅವಳು. ನಿಜ ಹೇಳಿದರೆ ಅವನು ಕುಸಿಯುತ್ತಾನೆ, ಹೇಳದಿದ್ದರೆ ನಗುನಗುತ್ತಲೇ ಸಾಯುತ್ತಾನೆ.

ಮರುದಿನ ಅವನು ಸ್ನಾನಕ್ಕೆ ಹೋದಾಗ ಅವಳು ಒಂದು ಪ್ಯಾಂಟನ್ನು ಹೊಲಿಗೆ ಮಷೀನಿನ ಮೇಲೆ ಹಾಕಿ ತನ್ನ ಹೊಲಿಗೆಗಳನ್ನೆಲ್ಲ ಬಿಚ್ಚಿದಳು. ಬ್ಲೇಡು ಬೆರಳಿಗೆ ತಾಗಿತು. ಮೊದಲಿನ ಅಳತೆಗೇ ಹೊಲಿದು, ಎಂದಿನಂತೆ ಮಡಿಸಿ ಹಾಸಿಗೆಯ ಮೇಲಿಟ್ಟಳು.

ಅವನು ಹಾಕಿಕೊಂಡ. ಗುಂಡಿ ಹಾಕಿ ಕೈ ಬಿಟ್ಟ. ಪ್ಯಾಂಟು ಪಾದದ ಮೇಲೆ ಬಿತ್ತು.

“ಏನೇ ಇದು?”

“ನಿಮ್ಮ ಪ್ಯಾಂಟು ರೀ. ಮೊದಲಿನ ಅಳತೆ.”

ಕುಕ್ಕರಗಾಲಲ್ಲಿ ಕೂತು ಬಟ್ಟೆಯ ಒಳಭಾಗ ತೋರಿಸಿದಳು. ಬಿಚ್ಚಿದ ಹೊಲಿಗೆಗಳ ಸೂಜಿತೂತುಗಳು ಸಾಲುಸಾಲಾಗಿ ಒಂದರ ಪಕ್ಕ ಒಂದು ಇದ್ದವು. ಅವನು ಪ್ರತಿ ಸಾಲಿನ ಮೇಲೂ ಬೆರಳಾಡಿಸಿದ. ತನ್ನ ತೊಡೆಗಳನ್ನು ನೋಡಿಕೊಂಡ, ಯಾರದೋ ಎಂಬಂತೆ.

“ನನ್ನನ್ನ ಕೊಂದುಬಿಟ್ಯಲ್ಲೇ.”

“ಹೌದು. ನಾನೇ. ಹೆದರ್ತೀರಿ ಅಂತ ಮಾಡ್ದೆ. ನಿಮಗಿಂತ ನಾನೇ ಹೆದರಿದ್ದೆ. ಬೈಯಿರಿ, ಹೊಡೀರಿ, ಆದ್ರೆ ಚಿಕಿತ್ಸೆಗೆ ಬನ್ನಿ ರೀ.”

ಅವನು ಬೈಯಲಿಲ್ಲ. ಹಾಸಿಗೆಯ ಮೇಲೆ ಕೂತು, ಮುಖ ಮುಚ್ಚಿಕೊಂಡು, ದನಿ ಎತ್ತಿ ಅತ್ತ. ಅವಳು ಪಕ್ಕದಲ್ಲಿ ಕೂತಳು. ತಡವಾಗಿದೆಯೋ ಇಲ್ಲವೋ ಅವಳಿಗೂ ಗೊತ್ತಿರಲಿಲ್ಲ. ಅಳು ನಿಂತ ಮೇಲೆ ಅವನು ಪ್ಯಾಂಟು ಮೇಲೆಳೆದುಕೊಂಡ. ಅವಳು ಸೆರಗಿಗೆ ಸಿಕ್ಕಿಸಿದ್ದ ಸೂಜಿಗೆ ಕೈ ಹಾಕಿದಳು.

“ಬೇಡ, ಹಿಡೀಬೇಡ. ಹಿಂಗೇ ಬರ್ತೀನಿ.”

ಒಂದು ಕೈಯಲ್ಲಿ ಪ್ಯಾಂಟು, ಇನ್ನೊಂದರಲ್ಲಿ ಅವಳ ಕೈ ಹಿಡಿದು ಬೀದಿಗಿಳಿದ. ಎದುರು ಮನೆಯ ಮುದುಕ ಜಗಲಿಯಿಂದಲೇ ಕೂಗಿದ: “ಏನ್ ಗುಂಡಣ್ಣ, ಸವಾರಿ ಎಲ್ಲಿಗೆ?”

“ಆಸ್ಪತ್ರೆಗೆ” ಎಂದ ಅವನು, ನಿಂತು. “ಹೊಟ್ಟೇಲಿ ಕ್ಯಾನ್ಸರ್ ಆಗಿದೆ.”